ರಕ್ತದ ರಿಪೋರ್ಟ್‌ಗೆ ಸಿಗದ ಕಣಗಳು

ಮಳೆಗಾಲ ಶುರುವಾಗಿ ಒಂದೆರಡು ತಿಂಗಳಾದರೆ ಸಾಕು, ನನ್ನ ವಾಟ್ಸಾಪ್‌ಗೆ ರಕ್ತದ ರಿಪೋರ್ಟ್‌ಗಳು ಬರತೊಡಗುತ್ತವೆ. ನಾನು ಡಾಕ್ಟರ್ ಅಲ್ಲ. ಲ್ಯಾಬ್ ಒಂದರಲ್ಲಿ ಬಹಳ ಕಾಲ ಕೆಲಸ ಮಾಡಿದವಳು, ಅಷ್ಟೆ. ಆದರೂ ನೆಂಟರು, ಪಕ್ಕದ ಮನೆಯವರು, ಜೊತೆಗೆ ಓದಿದವರು ಎಲ್ಲರೂ ಫೋಟೊ ಕಳಿಸುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. "ಪ್ಲೇಟ್‌ಲೆಟ್ ಎಷ್ಟಿದೆ ನೋಡು, ಸಾಕಾಗುತ್ತಾ?" ಉಳಿದ ಹದಿನೈದಿಪ್ಪತ್ತು ಸಾಲುಗಳನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಗಳ ಬಗ್ಗೆ ಮಾತ್ರ.

ಕೈಯಿಂದ ತೆಗೆಯುವ ರಕ್ತ ಎರಡು ಮೂರು ಎಂ.ಎಲ್. ದೊಡ್ಡವರ ಮೈಯಲ್ಲಿರುವುದು ಸುಮಾರು 5 ಲೀಟರ್. ನೇರಳೆ ಮುಚ್ಚಳದ ಟ್ಯೂಬ್‌ನಿಂದ ಮೆಷಿನ್ ಕೆಲವೇ ಹನಿ ಹೀರಿಕೊಂಡು ಲೆಕ್ಕ ಕೊಟ್ಟುಬಿಡುತ್ತದೆ. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅದು ಯಾವುದರ ಲೆಕ್ಕ ಅನ್ನುವುದನ್ನು ಸ್ವಲ್ಪ ಯೋಚಿಸಬೇಕು. ಬಿಳಿ ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಕೆಲಸ ಮಾಡುವುದು ಚರ್ಮ, ಶ್ವಾಸಕೋಶ, ಕರುಳು, ದುಗ್ಧಗ್ರಂಥಿ (ಲಿಂಫ್ ನೋಡ್) ಗಳಲ್ಲಿ. ರಕ್ತ ಅವು ಓಡಾಡುವ ದಾರಿ. ರಕ್ತದ ಕಣಗಳನ್ನು ಎಣಿಸುವ ಈ ಪರೀಕ್ಷೆಗೆ ಸಿಬಿಸಿ ಅನ್ನುತ್ತಾರೆ. ಅದನ್ನು ಮಾಡಿಸುವುದು ಅಂದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರನ್ನು ಎಣಿಸಿ ಊರಿನ ಸುದ್ದಿ ಹೇಳಿದ ಹಾಗೆ. ಊರಲ್ಲಿ ಜಾತ್ರೆಯೋ ಗಲಾಟೆಯೋ ಇದ್ದರೆ ಅಲ್ಲಿ ಗೊತ್ತಾಗುತ್ತದೆ, ನಿಜ. ಆದರೆ ಊರಿರುವುದು ಬೇರೆ ಕಡೆ.

ರಕ್ತದಲ್ಲೇ ಬದುಕಿ ರಕ್ತದಲ್ಲೇ ಕೆಲಸ ಮುಗಿಸುವವು ಅಂದರೆ ಕೆಂಪು ಕಣಗಳು. ಅವು ಸುಮಾರು 25 ಲಕ್ಷ ಕೋಟಿ ಇವೆ. ನಮ್ಮ ಮೈಯ ಒಟ್ಟು ಜೀವಕೋಶಗಳನ್ನು ಎಣಿಸಿದರೆ ಹತ್ತಕ್ಕೆ ಎಂಟು ಇವೇ. ಹಿಮೋಗ್ಲೋಬಿನ್ ತುಂಬಿಕೊಳ್ಳಲು ಜಾಗ ಬೇಕು ಅಂತ ತಮ್ಮ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿದ ಕಣಗಳಿವು. ಹಾಗಾಗಿ ತಮ್ಮನ್ನು ತಾವು ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ. ಸುಮಾರು 120 ದಿನ ಓಡಿ ಸವೆದುಹೋಗುತ್ತವೆ. ಹಳತಾದವನ್ನು ಗುಲ್ಮ (ಸ್ಪ್ಲೀನ್) ಮತ್ತು ಯಕೃತ್ತಿನಲ್ಲಿರುವ ಮ್ಯಾಕ್ರೋಫೇಜ್‌ಗಳು ನುಂಗುತ್ತವೆ. ಒಳಗಿನ ಕಬ್ಬಿಣವನ್ನು ಬಿಡಿಸಿ ಮಜ್ಜೆಗೆ ವಾಪಸ್ ಕಳಿಸುತ್ತವೆ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಹೀಗೆ ಮರುಬಳಕೆಯಾಗುತ್ತದೆ. ಊಟದಿಂದ ನಾವು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಮ್ಯಾಕ್ರೋಫೇಜ್ ಅಂದರೆ ರೋಗಾಣು ತಿನ್ನುವ ಕಣ ಅಂತ ಶಾಲೆಯಲ್ಲಿ ಓದಿರುತ್ತೇವೆ. ಆದರೆ ದಿನನಿತ್ಯ ಅದು ಮಾಡುವ ಕೆಲಸದ ದೊಡ್ಡ ಪಾಲು ಈ ಗುಜರಿ ಕೆಲಸವೇ.

ಬಿಳಿ ಕಣಗಳ ಕಥೆ ಬೇರೆ. ರಿಪೋರ್ಟ್‌ನಲ್ಲಿ ಒಂದು ಮೈಕ್ರೋಲೀಟರಿಗೆ 4,000ದಿಂದ 11,000 ಅಂತ ಇರುತ್ತದಲ್ಲ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನ್ಯೂಟ್ರೋಫಿಲ್‌ಗಳು. ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ರಕ್ತದಲ್ಲಿ ಅವು ಇರುವುದು ಹೆಚ್ಚೆಂದರೆ ಒಂದು ದಿನದ ಆಸುಪಾಸು. ರಕ್ತದಲ್ಲಿರುವುದಕ್ಕಿಂತ ಹತ್ತು ಪಟ್ಟು ಜಾಸ್ತಿ ಬಲಿತ ನ್ಯೂಟ್ರೋಫಿಲ್‌ಗಳು ಮಜ್ಜೆಯಲ್ಲೇ ಕಾದಿರುತ್ತವೆ. ಇನ್ನೂ ಒಂದು ವಿಷಯ ಇದೆ. ರಕ್ತನಾಳದೊಳಗೆ ಇರುವವುಗಳಲ್ಲೂ ಸುಮಾರು ಅರ್ಧದಷ್ಟು ಹರಿಯುತ್ತಿರುವುದಿಲ್ಲ. ನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಸೂಜಿಗೆ ಬರುವುದು ಹರಿಯುತ್ತಿರುವ ಅರ್ಧ ಮಾತ್ರ.

ಇದರಿಂದ ಲ್ಯಾಬ್‌ನಲ್ಲಿ ತಮಾಷೆಗಳಾಗುತ್ತವೆ. ಜೋರಾಗಿ ಓಡಿ ಬಂದವರ ಕೌಂಟ್ ಜಾಸ್ತಿ ಬರುತ್ತದೆ. ಸೂಜಿ ಕಂಡು ಕಿರುಚಾಡಿದ ಮಗುವಿನದೂ ಹಾಗೆಯೇ. ಅಡ್ರಿನಲಿನ್ ಏರಿದ ಕೂಡಲೇ ಗೋಡೆಗೆ ಅಂಟಿದ್ದವು ಬಿಟ್ಟುಕೊಂಡು ಹರಿಯತೊಡಗುತ್ತವೆ. ಸೋಂಕು ಇಲ್ಲ, ಹೊಸ ಕಣ ಒಂದೂ ಹುಟ್ಟಿಲ್ಲ, ಕೌಂಟ್ ಮಾತ್ರ ಏರಿದೆ. ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲೂ ಹೀಗಾಗುತ್ತದೆ. ಅದಕ್ಕೇ "ಏನಾದರೂ ಮಾತ್ರೆ ತಗೋತಿದ್ದೀರಾ?" ಅಂತ ಕೇಳದೆ ಕೌಂಟ್ ನೋಡಿ ಆಂಟಿಬಯೋಟಿಕ್ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಬೆರಳಿಗೆ ಮುಳ್ಳು ಚುಚ್ಚಿತು ಅಂತಿಟ್ಟುಕೊಳ್ಳಿ. ಅಲ್ಲಿರುವ ಮ್ಯಾಕ್ರೋಫೇಜ್‌ಗಳು ರಾಸಾಯನಿಕಗಳನ್ನು ಬಿಡುತ್ತವೆ. ಹತ್ತಿರದ ಸಣ್ಣ ರಕ್ತನಾಳದ ಒಳಗೋಡೆ ಸ್ವಲ್ಪ ಅಂಟಂಟಾಗುತ್ತದೆ. ರಭಸವಾಗಿ ಹೋಗುತ್ತಿದ್ದ ನ್ಯೂಟ್ರೋಫಿಲ್ ಗೋಡೆಗೆ ತಾಗಿ ನಿಧಾನವಾಗಿ ಉರುಳತೊಡಗುತ್ತದೆ, ಆಮೇಲೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗೋಡೆಯ ಕೋಶಗಳ ಸಂದಿಯಲ್ಲಿ ಮೈ ಹಿಂಡಿಕೊಂಡು ಹೊರಗೆ ಬರುತ್ತದೆ. ಮುಳ್ಳಿನ ಕಡೆಗೆ ತೆವಳಿ, ಬ್ಯಾಕ್ಟೀರಿಯಾ ನುಂಗಿ, ಅಲ್ಲೇ ಸಾಯುತ್ತದೆ. ನಾವು ಕೀವು ಅನ್ನುವುದು ಹೆಚ್ಚಾಗಿ ಹೀಗೆ ಸತ್ತ ನ್ಯೂಟ್ರೋಫಿಲ್‌ಗಳನ್ನೇ. ಕೀವಿನ ಹಸಿರು ಛಾಯೆಯೂ ಅವುಗಳೊಳಗಿನ ಒಂದು ಕಿಣ್ವದ ಬಣ್ಣ. 1867ರಲ್ಲಿ ಯೂಲಿಯಸ್ ಕೋನ್‌ಹೈಮ್ ಎಂಬ ಜರ್ಮನ್ ವಿಜ್ಞಾನಿ ಕಪ್ಪೆಯ ತೆಳು ಪೊರೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಬಿಳಿ ಕಣಗಳು ನಾಳದಿಂದ ಹೊರಗೆ ನುಸುಳುವುದನ್ನು ಕಂಡು ಬರೆದ. ಕೀವು ರಕ್ತದಿಂದ ಬರುತ್ತದೆ ಅನ್ನುವುದು ಆಗ ದೊಡ್ಡ ಮಾತು. ಹದಿನೈದು ವರ್ಷದ ಮೇಲೆ ಇಟಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕೋಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿದ್ದವು. ಆ ಮರಿಗೆ ನಮ್ಮಂತೆ ರಕ್ತನಾಳವೇ ಇಲ್ಲ. ಅಂದರೆ ರಕ್ತ ಇಲ್ಲದೆಯೂ ಈ ಕೆಲಸ ನಡೆಯುತ್ತದೆ.

ಹೊರಗೆ ಬರುವ ಈ ಹೆಜ್ಜೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಅಪರೂಪದ ಹುಟ್ಟುಕಾಯಿಲೆ ಇದೆ. ಕೆಲವು ಮಕ್ಕಳ ಬಿಳಿ ಕಣಗಳಲ್ಲಿ ಗೋಡೆಯನ್ನು ಕಚ್ಚಿ ಹಿಡಿಯುವ ಪ್ರೋಟೀನ್ ಇರುವುದಿಲ್ಲ. ಅವರ ಹೊಕ್ಕುಳಬಳ್ಳಿ ವಾರಗಟ್ಟಲೆ ಉದುರುವುದಿಲ್ಲ. ಮತ್ತೆ ಮತ್ತೆ ಸೋಂಕು ತಗಲುತ್ತದೆ. ಗಾಯ ಬೇಗ ಮಾಯುವುದಿಲ್ಲ, ಆದರೆ ಅಲ್ಲಿ ಕೀವೇ ಇಲ್ಲ. ರಕ್ತ ತೆಗೆದು ನೋಡಿದರೆ ಬಿಳಿ ಕಣಗಳು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ! ದಾರಿ ತುಂಬಾ ಓಡಾಡುತ್ತಿವೆ, ಇಳಿಯಲು ಆಗುತ್ತಿಲ್ಲ. ಬರೀ ಅಂಕಿ ನೋಡಿದವರು ಈ ಮಗುವಿಗೆ ರೋಗ ತಡೆಯುವ ಶಕ್ತಿ ಭರ್ಜರಿಯಾಗಿದೆ ಅಂದುಕೊಳ್ಳಬೇಕು.

ಈಗ ಪ್ಲೇಟ್‌ಲೆಟ್‌ಗೆ ಬರೋಣ, ಇಲ್ಲದಿದ್ದರೆ ನಮ್ಮವರು ಬಿಡುವುದಿಲ್ಲ. ಪ್ಲೇಟ್‌ಲೆಟ್ ಪೂರ್ತಿ ಕೋಶವೂ ಅಲ್ಲ. ಮಜ್ಜೆಯಲ್ಲಿ ಮೆಗಾಕ್ಯಾರಿಯೊಸೈಟ್ ಎಂಬ ದೊಡ್ಡ ಕೋಶಗಳಿವೆ. ಅವು ತಮ್ಮ ಉದ್ದನೆಯ ಬಾಲಗಳನ್ನು ರಕ್ತನಾಳದೊಳಕ್ಕೆ ಚಾಚುತ್ತವೆ, ಅದರಿಂದ ತುಂಡುಗಳು ಹರಿದು ಬೀಳುತ್ತವೆ. ಆ ತುಂಡುಗಳೇ ಪ್ಲೇಟ್‌ಲೆಟ್. ಆಯಸ್ಸು ಒಂದು ವಾರದಿಂದ ಹತ್ತು ದಿನ. ಎಲ್ಲಾದರೂ ನಾಳ ಹರಿದರೆ ಅಲ್ಲಿ ಮೊದಲು ಹೋಗಿ ಮುಚ್ಚುವವು ಇವು. ನಾರ್ಮಲ್ ಅಂದರೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ.

ಪ್ಲೇಟ್‌ಲೆಟ್ 40,000 ಅಂತ ಮೆಷಿನ್ ತೋರಿಸಿದ ಕೂಡಲೇ ಲ್ಯಾಬ್‌ನವರು ಮಾಡಬೇಕಾದ ಮೊದಲ ಕೆಲಸ ಒಂದಿದೆ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ಎಳೆದು, ಲೀಶ್ಮನ್ ಬಣ್ಣ ಹಾಕಿ, ಕಣ್ಣಿಂದ ನೋಡುವುದು. ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಹಾಕಿರುತ್ತಾರೆ. ಕೆಲವರ ರಕ್ತದಲ್ಲಿ ಈ ಇಡಿಟಿಎ ಇದ್ದರೇನೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪು ಕಟ್ಟುತ್ತವೆ. ಮೆಷಿನ್‌ಗೆ ಗುಂಪು ಗೊತ್ತಾಗುವುದಿಲ್ಲ. ಕಡಿಮೆ ಎಣಿಸುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್‌ನಲ್ಲಿ ಮತ್ತೆ ತೆಗೆದರೆ ಎರಡು ಲಕ್ಷ ಬರಬಹುದು. ಮೈಯಲ್ಲಿ ಏನೂ ಆಗಿಲ್ಲ, ಆಗಿದ್ದೆಲ್ಲ ಟ್ಯೂಬ್ ಒಳಗೆ. ಇಂಥ ಸ್ಲೈಡ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅಷ್ಟರಲ್ಲಿ ಮನೆಯವರು ಪಪ್ಪಾಯ ಎಲೆ ಅರೆದಾಗಿರುತ್ತದೆ.

ಆದರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ನಿಜವಾಗಿಯೂ ಇಳಿಯುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ವರ್ಷ ಊರೂರಲ್ಲಿ ಇದೇ ಮಾತು. ವೈರಸ್ ಮಜ್ಜೆಯ ಕೆಲಸವನ್ನು ಕುಗ್ಗಿಸುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳೂ ಬೇಗ ನಾಶವಾಗುತ್ತವೆ. ಆದರೆ ತೀವ್ರ ಡೆಂಗಿಯಲ್ಲಿ ಹೆಚ್ಚಾಗಿ ಜೀವಕ್ಕೆ ಕುತ್ತು ತರುವುದು ಬೇರೆ ಒಂದು ವಿಷಯ. ನಾಳದ ಗೋಡೆ ಸಡಿಲವಾಗಿ ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೊರಗೆ ಸೋರುತ್ತದೆ. ಅದೂ ಯಾವಾಗ? ಜ್ವರ ಬಿಟ್ಟು, ಮನೆಯವರು "ಅಬ್ಬ, ಇಳೀತು" ಅನ್ನುವ ಹೊತ್ತಿಗೆ. ನೀರು ಸೋರಿದಾಗ ಉಳಿದ ರಕ್ತ ಗಟ್ಟಿಯಾಗುತ್ತದೆ. ಅದೇ ರಿಪೋರ್ಟ್‌ನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ, ಕೆಂಪು ಕಣಗಳ ಪ್ರಮಾಣ ಹೇಳುವ ಸಾಲು. ಅದು ಏರುತ್ತಾ ಹೋದರೆ ಡಾಕ್ಟರಿಗೆ ಆತಂಕ ಶುರು. ಹೊಟ್ಟೆನೋವು, ಬಿಡದ ವಾಂತಿ, ಮಂಕು, ಮೂತ್ರ ಕಡಿಮೆಯಾಗುವುದು ಇವೆಲ್ಲ ಪ್ಲೇಟ್‌ಲೆಟ್ ಅಂಕಿಗಿಂತ ಮುಖ್ಯ. ರಕ್ತಸ್ರಾವ ಇಲ್ಲದವರಿಗೆ ಕೌಂಟ್ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕಬೇಕಾಗಿಲ್ಲ ಅಂತ ನಮ್ಮ ದೇಶದ ಮಾರ್ಗಸೂಚಿಯೇ ಹೇಳುತ್ತದೆ. ನನ್ನ ಫೋನಿಗೆ ಬರುವವರು ಪಿಸಿವಿ ಬಗ್ಗೆ ಕೇಳಿದ್ದು ನೆನಪಿಲ್ಲ.

ರಿಪೋರ್ಟ್‌ನಲ್ಲಿ ಇಯೊಸಿನೊಫಿಲ್ ಅಂತ ಇನ್ನೊಂದು ಸಾಲಿದೆ, ಅದೂ ಒಂದು ಬಗೆಯ ಬಿಳಿ ಕಣ. ಅಲರ್ಜಿ, ದಮ್ಮು, ಹೊಟ್ಟೆಹುಳ ಇದ್ದಾಗ ಏರುತ್ತದೆ. ಆನೆಕಾಲು ರೋಗದ ಹುಳದಿಂದಲೂ ಏರಬಹುದು. ಆ ಹುಳದ್ದೊಂದು ವಿಚಿತ್ರ ಸ್ವಭಾವ. ನಮ್ಮ ಕಡೆಯ ಜಾತಿಯ ಮರಿಗಳು ಹಗಲೆಲ್ಲ ಶ್ವಾಸಕೋಶದ ನಾಳಗಳಲ್ಲಿ ಅಡಗಿದ್ದು ರಾತ್ರಿ ಹೊತ್ತು ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ. ಅದಕ್ಕೇ ಕಲಬುರಗಿ ಕಡೆ, ಕರಾವಳಿ ಕಡೆ ಆರೋಗ್ಯ ಇಲಾಖೆಯವರು ರಾತ್ರಿ ಮನೆ ಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದದ್ದು. ಅದೇ ಮನುಷ್ಯನ ಹಗಲಿನ ರಕ್ತ ನೋಡಿದರೆ ಏನೂ ಸಿಗದೇ ಹೋಗಬಹುದು.

ಇನ್ನು ಲಿಂಫೋಸೈಟ್, ಬಿಳಿ ಕಣಗಳಲ್ಲೇ ಇನ್ನೊಂದು ಬಗೆ. ಶೇಕಡಾ 30 ಅಂತ ಒಂದು ಸಾಲಲ್ಲಿ ಮುಗಿದುಹೋಗುವ ಇವುಗಳ ವಿಚಾರದಲ್ಲಿ ರಿಪೋರ್ಟ್ ತುಂಬಾ ಬಡವ. ಮೈಯಲ್ಲಿರುವ ಒಟ್ಟು ಲಿಂಫೋಸೈಟ್‌ಗಳಲ್ಲಿ ಯಾವುದೇ ಗಳಿಗೆಯಲ್ಲಿ ರಕ್ತದಲ್ಲಿರುವುದು ಸುಮಾರು ಶೇಕಡಾ 2 ಮಾತ್ರ. ಉಳಿದವೆಲ್ಲ ದುಗ್ಧಗ್ರಂಥಿ, ಗುಲ್ಮ, ಕರುಳಿನ ಗೋಡೆ, ಮಜ್ಜೆ, ಚರ್ಮದಲ್ಲಿ. ಒಂದೊಂದು ಲಿಂಫೋಸೈಟ್ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲದು. ಯಾವ ಆಕಾರ ಅನ್ನುವುದು ಅದು ಹುಟ್ಟುವಾಗ ಜೀನ್ ತುಂಡುಗಳು ಅಡ್ಡಾದಿಡ್ಡಿ ಜೋಡಣೆಯಾಗಿ ತೀರ್ಮಾನವಾಗುತ್ತದೆ. ಇದನ್ನು ತೋರಿಸಿಕೊಟ್ಟ ಸುಸುಮು ಟೊನೆಗಾವಾಗೆ 1987ರ ನೊಬೆಲ್ ಬಂತು. ಹೀಗಾಗಿ ಒಂದು ಹೊಸ ವೈರಸ್ ಬಂದರೆ ಅದನ್ನು ಗುರುತಿಸುವ ಕಣಗಳು ಮೈಯಲ್ಲಿ ಬೆರಳೆಣಿಕೆಯಲ್ಲದಿದ್ದರೂ ಬಹಳ ಕಡಿಮೆ. ಅವು ಆ ವೈರಸ್ಸಿಗೆ ಎದುರಾಗುವುದು ಹೇಗೆ? ದುಗ್ಧಗ್ರಂಥಿ ಇರುವುದೇ ಅದಕ್ಕೆ. ಗಾಯದ ಜಾಗದಿಂದ ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ಗ್ರಂಥಿಗೆ ಬರುತ್ತವೆ. ಲಿಂಫೋಸೈಟ್‌ಗಳು ಸಾಲಾಗಿ ಬಂದು ಮುಟ್ಟಿ ನೋಡಿ ಮುಂದಿನ ಗ್ರಂಥಿಗೆ ಹೋಗುತ್ತಿರುತ್ತವೆ. ಸರಿಯಾದದ್ದು ಸಿಕ್ಕಿದರೆ ಅದು ನಿಲ್ಲುತ್ತದೆ, ಎರಡಾಗಿ ನಾಲ್ಕಾಗಿ ಸಾವಿರಗಟ್ಟಲೆ ಆಗುತ್ತದೆ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಬರುತ್ತದಲ್ಲ, ಇದೇ. ಆ ಗಂಟು ಮುಟ್ಟಿ ನೋಡಿದ ಅಜ್ಜಿಗೆ ನನ್ನ ಮೆಷಿನ್‌ಗಿಂತ ಜಾಸ್ತಿ ಗೊತ್ತಾಗಿರುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ರಕ್ತದ ಕಣಗಳನ್ನು ಮಾತ್ರ ನಂಬಿದರೆ ಏನಾಗಬಹುದು ಅನ್ನುವುದಕ್ಕೆ 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಟಿಜಿಎನ್1412 ಎಂಬ ಹೊಸ ಔಷಧ. ಲಿಂಫೋಸೈಟ್‌ಗಳಲ್ಲಿ ಟಿ ಕೋಶ ಅಂತ ಒಂದು ಬಗೆ ಇದೆ, ಅವುಗಳ ಮೇಲಿನ ಸಿಡಿ28 ಎಂಬ ಗುಂಡಿಯನ್ನು ಒತ್ತುವ ಪ್ರತಿಕಾಯ (ಆಂಟಿಬಾಡಿ) ಅದು. ಇಲಿಗಳಲ್ಲಿ ಇಂಥದ್ದೇ ಔಷಧ ಕೊಟ್ಟಾಗ ಮೈಯ ರೊಚ್ಚನ್ನು ತಣಿಸುವ ಟಿ ಕೋಶಗಳು ಹೆಚ್ಚಿದ್ದವು. ಕೋತಿಗಳಿಗೆ ದೊಡ್ಡ ಡೋಸ್ ಕೊಟ್ಟರೂ ಏನೂ ಆಗಿರಲಿಲ್ಲ. ಮನುಷ್ಯರ ರಕ್ತದಿಂದ ತೆಗೆದ ಕಣಗಳಿಗೆ ಟ್ಯೂಬ್‌ನಲ್ಲಿ ಸುಮ್ನೆ ಬೆರೆಸಿದಾಗಲೂ ಅಪಾಯದ ಸುಳಿವು ಸಿಗಲಿಲ್ಲ. ಕೋತಿಗಳಿಗೆ ಕೊಟ್ಟಿದ್ದರ 500ರಲ್ಲಿ ಒಂದು ಪಾಲನ್ನು ಆರು ಜನ ಆರೋಗ್ಯವಂತ ಗಂಡಸರಿಗೆ ಚುಚ್ಚಿದರು. ಒಂದೂವರೆ ಗಂಟೆಯೊಳಗೆ ತಲೆನೋವು, ವಾಂತಿ, ಜ್ವರ, ರಕ್ತದೊತ್ತಡ ಕುಸಿತ. ಒಂದು ದಿನ ತುಂಬುವ ಮೊದಲೇ ಆರೂ ಜನ ಐಸಿಯುನಲ್ಲಿ. ಶ್ವಾಸಕೋಶ, ಮೂತ್ರಪಿಂಡ ಕೈಕೊಟ್ಟವು. ಆ ಹೊತ್ತಿನಲ್ಲಿ ಅವರ ರಕ್ತದಲ್ಲಿ ಲಿಂಫೋಸೈಟ್‌ಗಳು ಹೆಚ್ಚುಕಡಿಮೆ ಮಾಯವಾಗಿದ್ದವು. ಮೈಯೊಳಗೆ ಅವುಗಳ ಆರ್ಭಟ ನಡೆಯುತ್ತಿದ್ದಾಗ ರಕ್ತದ ಲೆಕ್ಕ ಸೊನ್ನೆಯ ಹತ್ತಿರ! ಪುಣ್ಯಕ್ಕೆ ಆರೂ ಜನ ಬದುಕಿದರು. ಒಬ್ಬರು ಕಾಲ್ಬೆರಳುಗಳನ್ನೂ ಕೈಬೆರಳ ತುದಿಗಳನ್ನೂ ಕಳೆದುಕೊಂಡರು.

ಮುಂಚೆಯೇ ಯಾಕೆ ಗೊತ್ತಾಗಲಿಲ್ಲ? ಉತ್ತರಗಳು ಬರಲು ವರ್ಷಗಳೇ ಹಿಡಿದವು. ಮನುಷ್ಯರಲ್ಲಿ, ಹಳೇ ಸೋಂಕುಗಳನ್ನು ಕಂಡು ಪಳಗಿದ ನೆನಪಿನ ಟಿ ಕೋಶಗಳಲ್ಲಿ ಸಿಡಿ28 ಇರುತ್ತದೆ. ಆ ಕೋತಿಗಳಲ್ಲಿ ಅಂಥ ಕೋಶಗಳು ಸಿಡಿ28 ಕಳೆದುಕೊಂಡಿರುತ್ತವೆ. ಇನ್ನೊಂದು ಉತ್ತರ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಿಂದ 2011ರಲ್ಲಿ ಬಂತು. ನನಗೆ ಇದು ತುಂಬಾ ಹಿಡಿಸಿದ ಉತ್ತರ. ರಕ್ತದಲ್ಲಿ ಹರಿಯುವ ಟಿ ಕೋಶಗಳು ಬಿಡಿಬಿಡಿಯಾಗಿರುತ್ತವೆ. ಗ್ರಂಥಿಯಲ್ಲಿ ಒತ್ತೊತ್ತಾಗಿ, ಒಂದಕ್ಕೊಂದು ತಾಗಿಕೊಂಡು ಇರುತ್ತವೆ, ಆ ತಾಗುವಿಕೆಯೇ ಅವನ್ನು ಚುರುಕಾಗಿ ಇಟ್ಟಿರುತ್ತದೆ. ದಾರಿಗೆ ಬಿದ್ದ ಮೇಲೆ ಆ ಚುರುಕು ಕಡಿಮೆಯಾಗುತ್ತದೆ. ಆ ವಿಜ್ಞಾನಿಗಳು ರಕ್ತದಿಂದ ತೆಗೆದ ಕೋಶಗಳನ್ನು ಎರಡು ದಿನ ಒತ್ತೊತ್ತಾಗಿ ಬೆಳೆಸಿ ಆಮೇಲೆ ಅದೇ ಔಷಧ ಹಾಕಿದರು. ಈ ಸಲ ಕೋಶಗಳು ಸಿಡಿದೆದ್ದವು.

ಕೊರೊನಾ ಬಂದ ಮೇಲೆ ನಮ್ಮಲ್ಲಿ ಇಮ್ಯೂನಿಟಿ ಹೆಚ್ಚಿಸುವ ಪುಡಿ, ಕಷಾಯ, ಬಿಸ್ಕತ್ತು, ಕೊನೆಗೆ ಹಾಸಿಗೆಯವರೆಗೆ ಜಾಹೀರಾತು ನೋಡಿದ್ದೇವೆ. ನಾನು ಕಷಾಯದ ವಿರೋಧಿಯಲ್ಲ, ಮಳೆ ಬಂದರೆ ಕುಡಿಯುತ್ತೇನೆ. ಆದರೆ ಯಾವ ಕಣವನ್ನು, ಎಲ್ಲಿ, ಎಷ್ಟು ಹೆಚ್ಚಿಸುತ್ತೀರಿ ಅಂತ ಆ ಕಂಪನಿಗಳನ್ನು ಯಾರೂ ಕೇಳುವುದಿಲ್ಲ ಅಲ್ವಾ? ಲಂಡನ್ನಿನ ಆ ಆರು ಜನರಲ್ಲಿ ಹೆಚ್ಚಾಗಿದ್ದೂ ಈ ಇಮ್ಯೂನಿಟಿಯೇ. ಕೊರೊನಾದಲ್ಲೂ 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿದ್ದು ಏನು? ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವನ್ನು ಮೂರನೇ ಒಂದರಷ್ಟು ಇಳಿಸಿದ್ದು ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್. ಅದು ರೋಗನಿರೋಧಕ ಕಣಗಳ ಆಟವನ್ನು ತಗ್ಗಿಸುವ ಔಷಧ.

ಡೆಂಗಿಯಲ್ಲೂ ಇದೇ ಪಾಡು. ಅದರಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ತಗಲಿದರೆ ಹಳೇ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟುತ್ತವೆ, ಆದರೆ ಅದನ್ನು ತಡೆಯಲಾರವು. ಮ್ಯಾಕ್ರೋಫೇಜ್‌ಗಳು ಪ್ರತಿಕಾಯದ ಬಾಲ ಹಿಡಿದು ವೈರಸ್ಸನ್ನು ಒಳಗೆ ಎಳೆದುಕೊಳ್ಳುತ್ತವೆ, ಅದು ಅಲ್ಲೇ ಬೆಳೆಯುತ್ತದೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತ್ತು. 1981ರಲ್ಲಿ ಎರಡನೇ ಬಗೆ ಬಂದಾಗ ತೀವ್ರ ಕಾಯಿಲೆ ಬಿದ್ದವರಲ್ಲಿ ಬಹುಪಾಲು ಮೊದಲು ಒಂದನೇ ಬಗೆ ಬಂದುಹೋದವರು.

ಹಾಗಾದರೆ ಈ ಕಣಗಳಿಗೆ ಕಡಿವಾಣ ಯಾರದು? ಎದೆಮೂಳೆಯ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಅದರ ಕೆಲಸ ಏನು ಅನ್ನುವುದು 1961ರಲ್ಲಿ ಜಾಕ್ ಮಿಲ್ಲರ್ ಎಂಬಾತ ಹುಟ್ಟಿದ ಇಲಿಮರಿಗಳಿಂದ ಅದನ್ನು ತೆಗೆದು ನೋಡುವವರೆಗೆ ಯಾರಿಗೂ ಗೊತ್ತಿರಲಿಲ್ಲ. ಟಿ ಕೋಶಗಳು ಅಲ್ಲಿ ಬಲಿಯುತ್ತವೆ, ಮತ್ತು ನೂರಕ್ಕೆ 95ಕ್ಕೂ ಜಾಸ್ತಿ ಅಲ್ಲೇ ಸಾಯುತ್ತವೆ. ಕೆಲಸಕ್ಕೆ ಬಾರದವು ಹೋಗುತ್ತವೆ, ನಮ್ಮ ಮೈಯನ್ನೇ ಕಚ್ಚುವಂಥವೂ ಹೋಗುತ್ತವೆ. ಆದರೂ ಕೆಲವು ತಪ್ಪಿಸಿಕೊಂಡು ಬರುತ್ತವೆ. ಅವನ್ನು ಹದ್ದುಬಸ್ತಿನಲ್ಲಿಡುವ ಬೇರೆಯೇ ಟಿ ಕೋಶಗಳಿವೆ ಅಂತ ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದಾಗ ಹೆಚ್ಚಿನವರು ನಂಬಲಿಲ್ಲ. ಮುಂದೆ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಫಾಕ್ಸ್‌ಪಿ3 ಎಂಬ ಜೀನ್ ಕಂಡುಹಿಡಿದರು. ಆ ಜೀನ್ ಕೆಟ್ಟಿರುವ ಗಂಡುಮಕ್ಕಳಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ, ತಿಂಗಳುಗಳಲ್ಲಿ ತಮ್ಮದೇ ಕಣಗಳು ಕರುಳು, ಚರ್ಮ, ಇನ್ಸುಲಿನ್ ಮಾಡುವ ಕೋಶಗಳ ಮೇಲೆ ಬೀಳುತ್ತವೆ. ಮೂವರಿಗೂ 2025ರಲ್ಲಿ ನೊಬೆಲ್ ಬಂತು. ಹೀಗೆ ತಡೆಹಿಡಿಯುವ ಕೋಶಗಳು ಎಷ್ಟಿವೆ ಅನ್ನುವುದಕ್ಕೆ ನಮ್ಮ ಸಿಬಿಸಿಯಲ್ಲಿ ಸಾಲೇ ಇಲ್ಲ. ದಾಳಿ ಮಾಡುವವೂ ತಡೆಯುವವೂ ಒಂದೇ ಶೇಕಡಾ 30ರೊಳಗೆ ಬೆರೆತುಹೋಗಿರುತ್ತವೆ. ಸ್ಲೈಡಿನಲ್ಲೂ ಎರಡೂ ಒಂದೇ ಥರ ಕಾಣುತ್ತವೆ: ದುಂಡಗಿನ ಕಡುನೇರಳೆ ನ್ಯೂಕ್ಲಿಯಸ್, ಸುತ್ತ ತೆಳ್ಳನೆ ತಿಳಿನೀಲಿ ಅಂಚು.

ಇಷ್ಟೆಲ್ಲ ಹೇಳಿದೆ ಅಂತ ರಕ್ತ ಪರೀಕ್ಷೆ ದಂಡ ಅಂದುಕೊಳ್ಳಬೇಡಿ. ದಾರಿಯಲ್ಲಿ ಹೋಗುವ ಒಂದೇ ಒಂದು ಕಣ ಕೂಡ ಕೆಲವೊಮ್ಮೆ ದೊಡ್ಡ ಸುದ್ದಿ ಹೇಳುತ್ತದೆ. 1918ರ ಫ್ಲೂ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ, ಜಗತ್ತನ್ನೂ ಬಿಡಲಿಲ್ಲ. ಆ ಕಾಲದಲ್ಲಿ ಮಕ್ಕಳಾಗಿದ್ದು ಅಮೆರಿಕದಲ್ಲಿ ಇನ್ನೂ ಬದುಕಿದ್ದ 32 ಜನರ ರಕ್ತವನ್ನು ವಿಜ್ಞಾನಿಗಳು ತೆಗೆದು ನೋಡಿದರು, 2008ರಲ್ಲಿ ವರದಿ ಬಂತು. ಸುಮಾರು 90 ವರ್ಷವಾದರೂ ಆ ವೈರಸ್ಸನ್ನು ತಡೆಯುವ ಪ್ರತಿಕಾಯ ಅವರ ರಕ್ತದಲ್ಲಿತ್ತು. ಅದನ್ನು ತಯಾರಿಸಬಲ್ಲ ಬಿ ಕೋಶಗಳೂ ಕೆಲವರ ರಕ್ತದಲ್ಲಿ ಇನ್ನೂ ಓಡಾಡುತ್ತಿದ್ದವು. ಅವುಗಳಿಂದ ಮಾಡಿದ ಪ್ರತಿಕಾಯ ಕೊಟ್ಟಾಗ, ಲ್ಯಾಬ್‌ನಲ್ಲಿ ಮತ್ತೆ ಕಟ್ಟಿದ 1918ರ ವೈರಸ್ ತಗಲಿದ್ದ ಇಲಿಗಳು ಬದುಕಿದವು. ಅವರದೊಂದು ಸಿಬಿಸಿ ನನ್ನ ವಾಟ್ಸಾಪ್‌ಗೆ ಬಂದಿದ್ದರೆ ನಾನು ಬರೆಯುತ್ತಿದ್ದದ್ದು ಇಷ್ಟೇ: "ಎಲ್ಲ ನಾರ್ಮಲ್ ಇದೆ. ಹಿಮೋಗ್ಲೋಬಿನ್ ವಯಸ್ಸಿಗೆ ಸ್ವಲ್ಪ ಕಡಿಮೆ, ಡಾಕ್ಟರಿಗೆ ತೋರಿಸಿ."